ಸೊರಗಿದ ಕ್ರಿಸ್‌ಮಸ್ ಕಳ್ಳಿಯ ನಿದಾನ ಮತ್ತು ಪುನರುಜ್ಜೀವನ: ಒಂದು ಪ್ರಮಾಣಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವರು ಮೊದಲಿಗೇ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಬಾಲ್ಕನಿಯಲ್ಲಿ ಜೋತುಬಿದ್ದಿರುವ ಕ್ರಿಸ್‌ಮಸ್ ಕಳ್ಳಿ. ಪ್ರಯೋಜನ: ವರ್ಷಾಂತ್ಯಕ್ಕೆ ಹೂವು, ಅದಾಗದಿದ್ದರೆ, ಯಾರಿಂದ ಕೆಟ್ಟಿತೆಂಬ ನಿರ್ಣಯ. ಅಧಿಕಾರಿ: ನೀರು ತುಂಬಿದ ಮಗ್ಗನ್ನು ಕೈಯಲ್ಲಿ ಹಿಡಿದೂ ಸುರಿಯದೆ ಒಂದು ನಿಮಿಷ ನಿಲ್ಲಬಲ್ಲವರು. ಅಂಥವರು ವಿರಳ, ಆದ್ದರಿಂದ ಈ ಪ್ರಬಂಧಕ್ಕೆ ಓದುಗರೂ ವಿರಳ. ಸಂಬಂಧ: ಗಿಡಕ್ಕೂ ಮನೆಯವರಿಗೂ ಸದ್ಯ ಹಳಸಿದೆ.

ಚಿಕಿತ್ಸೆಗೆ ಮೊದಲು ರೋಗಿಯ ಗೋತ್ರಪ್ರವರ. ತವರು ಬ್ರೆಜಿಲಿನ ಆಗ್ನೇಯ ಕರಾವಳಿಗೆ ಅಂಟಿಕೊಂಡ ಬೆಟ್ಟಸಾಲು. ಅಲ್ಲಿನ ಮಂಜು ಕವಿದ ಕಾಡಿನಲ್ಲಿ ಮರದ ಕವಲು, ಬಂಡೆಯ ಬಿರುಕುಗಳಲ್ಲಿ ಸಿಕ್ಕಿಕೊಂಡ ಒಂದು ಹಿಡಿ ಕೊಳೆತ ಎಲೆಯೇ ಇದರ ಹೊಲ, ಮನೆ, ಆಸ್ತಿ. ಗೆಣ್ಣಿನ ಅಂಚಿನಲ್ಲಿ ಮೊನಚು ಹಲ್ಲಿರುವ ಒಂದು ಜಾತಿಯನ್ನು 1819ರಲ್ಲಿ ಇಂಗ್ಲೆಂಡಿನ ಹಾವರ್ತ್ ವರ್ಣಿಸಿದ. ಇನ್ನೊಂದನ್ನು 1837ರಲ್ಲಿ ಜಾರ್ಜ್ ಗಾರ್ಡ್ನರ್ ಆ ಬೆಟ್ಟಗಳಲ್ಲೇ ಕಂಡ. 1840ರ ದಶಕದ ಕೊನೆಗೆ ಇಂಗ್ಲೆಂಡಿನ ರೋಲಿಸನ್ ನರ್ಸರಿಯಲ್ಲಿ ಬಕ್ಲಿ ಎಂಬಾತ ಜಾತಕ ನೋಡದೆ ಇವೆರಡಕ್ಕೂ ಮದುವೆ ಮಾಡಿಸಿದ. 1858ರಲ್ಲಿ ಲೆಮೇರ್ ಎಂಬ ಸಸ್ಯಶಾಸ್ತ್ರಿ ಈ ಕುಲಕ್ಕೆ ಫ್ರಾನ್ಸಿನ ಕಳ್ಳಿಪ್ರೇಮಿ ಶ್ಲುಂಬರ್ಜೆಯ ನೆನಪಿಗೆ ಶ್ಲುಂಬರ್ಗೆರಾ ಎಂದು ನಾಮಕರಣ ಮಾಡಿದ. ಅಂಗಡಿಯಲ್ಲಿ ಕ್ರಿಸ್‌ಮಸ್ ಕಳ್ಳಿ ಎಂದು ಕೊಡುವುದು ಬಹುಪಾಲು ಆ ಮೊನಚು ಹಲ್ಲಿನ ಕುಟುಂಬದ್ದು. ನವೆಂಬರಿನಲ್ಲೇ ಅರಳಿ ಹಬ್ಬಕ್ಕೆ ಮೊದಲೇ ಮುಗಿಸಿಬಿಡುತ್ತದೆ. ಅಂಚು ದುಂಡಗಿದ್ದರೆ ಬಕ್ಲಿಯ ಸಂತಾನ. ಈ ಭೇದದ ಮೇಲೆ ಇನ್ನೂ ಹತ್ತು ಪುಟ ಬರೆಯಬಹುದು; ಅಷ್ಟರಲ್ಲಿ ರೋಗಿ ಸಾಯುತ್ತದೆ.

ಮಧ್ಯೆ ಒಂದು ಮಾತು. ನಮ್ಮ ಮನೆಗಳಲ್ಲಿ ಬ್ರಹ್ಮಕಮಲವೆಂದು ಪೂಜೆಗೊಳ್ಳುವ ಗಿಡವೂ ಮೆಕ್ಸಿಕೊ ಕಡೆಯಿಂದ ಬಂದ, ಮರದ ಮೇಲೆ ಬದುಕುವ ಕಳ್ಳಿಯೇ. ಅದು ಅರಳುವ ರಾತ್ರಿ ಜಾಗರಣೆ, ಆರತಿ, ವಾಟ್ಸ್ಯಾಪಿನಲ್ಲಿ ಮೂವತ್ತು ಫೋಟೊ. ಅದರ ಬಂಧುವಾದ ನಮ್ಮ ರೋಗಿಗೆ ಎಸಿಯ ಬಿಸಿಗಾಳಿ ಊದುವ ಪೆಟ್ಟಿಗೆಯ ಪಕ್ಕದ ಜಾಗ. ಹೂವಿನ ಲೋಕದಲ್ಲೂ ಶಿಫಾರಸು ನಡೆಯುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಪ್ರಕೃತ ಲಕ್ಷಣ: ಬಾಡುವಿಕೆ. ಎಲೆಯಂತೆ ತೋರುವ, ಆದರೆ ನಿಜಕ್ಕೂ ಕಾಂಡವೇ ಆದ ಚಪ್ಪಟೆ ಗೆಣ್ಣುಗಳು ಬಿಗುವು ಕಳೆದುಕೊಂಡು ಸುಕ್ಕಾಗಿ ಪಾಟಿನ ಅಂಚಿನಿಂದ ಇಳಿಬೀಳುತ್ತವೆ. ಕಂಡ ಕೂಡಲೇ ಮನೆಯಲ್ಲಿ ಅನುಮಾನಪ್ರಮಾಣ ಸೊಂಟ ಕಟ್ಟಿ ನಿಲ್ಲುತ್ತದೆ. ತಾರ್ಕಿಕರು ಹೊಗೆಯಿಂದ ಬೆಂಕಿಯನ್ನು ಊಹಿಸಿದ ಕ್ರಮದಲ್ಲೇ, ಎಲ್ಲೆಲ್ಲಿ ಬಾಡುವಿಕೆಯೋ ಅಲ್ಲಲ್ಲಿ ಬಾಯಾರಿಕೆ. ಈ ಗಿಡ ಬಾಡಿದೆ. ಆದ್ದರಿಂದ ಇದಕ್ಕೆ ಬಾಯಾರಿದೆ. ಪಂಚಾವಯವ ವಾಕ್ಯ ಮುಗಿಯುವುದರೊಳಗೆ ಮಗ್ಗು ಖಾಲಿ.

ಇಲ್ಲಿಯ ಹೇತು ಸವ್ಯಭಿಚಾರ, ಅಂದರೆ ಎರಡೂ ಮನೆಯಲ್ಲಿ ಉಣ್ಣುವಂಥದ್ದು. ಬೇರು ಒಣಗಿದರೂ ಗಿಡ ಬಾಡುತ್ತದೆ, ಕೊಳೆತರೂ ಬಾಡುತ್ತದೆ. ಒಂದರಲ್ಲಿ ನೀರಿಲ್ಲ, ಇನ್ನೊಂದರಲ್ಲಿ ನೀರಿದೆ, ಕುಡಿಯಲು ಬಾಯಿಲ್ಲ. ಸದಾ ಒದ್ದೆಯಾದ ಮಣ್ಣಿನಲ್ಲಿ ಗಾಳಿಯಾಡದೆ ಬೇರು ಉಸಿರುಗಟ್ಟುತ್ತದೆ. ಆ ಮುಹೂರ್ತಕ್ಕೇ ಕಾದಿರುವ ಪಿಥಿಯಂ, ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಗಳು ನೀರಿನಲ್ಲಿ ಈಜಬಲ್ಲ ಬೀಜಾಣುಗಳನ್ನು ಬಿಟ್ಟು ಬಾಕಿ ಕೆಲಸ ಪೂರೈಸುತ್ತವೆ. ಮೇಲೆ ನಿಂತು ನೋಡುವವರಿಗೆ ಎರಡೂ ಒಂದೇ ಮುಖ. ಹೀಗಾಗಿ ವಿದ್ವಾಂಸರಲ್ಲಿ ಎರಡು ಮತ.

ಜಲವಾದಿಗಳ ನೇತೃತ್ವ ಸಾಮಾನ್ಯವಾಗಿ ಮನೆಯ ಹಿರಿಯರದು. "ಪಾಪ, ಹೇಗೆ ಸೊರಗಿದೆ ನೋಡೋ! ಒಂದು ಲೋಟ ನೀರು ಹಾಕೋಕೆ ನಿಮಗೆಲ್ಲ ಕೈ ಬರಲ್ವಾ?" ಎಂಬುದು ಇವರ ಮೂಲಸೂತ್ರ. ಶುಷ್ಕವಾದಿಗಳು ಮನೆಯಿಂದಲೇ ಆಫೀಸು ಮಾಡುವ ಮಕ್ಕಳು. "ಅಮ್ಮಾ, ಅದು ಕ್ಯಾಕ್ಟಸ್. ಮರುಭೂಮಿಯಲ್ಲಿ ಯಾರು ನೀರು ಹಾಕ್ತಾರೆ?" ಎಂಬುದು ಇವರ ಖಂಡನೆ. ಬ್ರೆಜಿಲಿನ ಮಳೆಕಾಡು ಇಬ್ಬರ ದರ್ಶನದಲ್ಲೂ ಇಲ್ಲ. ಬೆಳಗ್ಗೆ ಆರಕ್ಕೆ ಅಮ್ಮ ಗುಟ್ಟಾಗಿ ನೀರು ಹೊಯ್ಯುತ್ತಾರೆ. ಹನ್ನೊಂದಕ್ಕೆ ಮಗ ಮರುಭೂಮಿಯ ಅಭ್ಯಾಸವಾಗಲೆಂದು ಪಾಟನ್ನು ಉರಿಬಿಸಿಲಿಗೆ ಸರಿಸುತ್ತಾನೆ. ಒಂದೇ ರೋಗಿಯ ಮೇಲೆ ಎರಡು ಸಿದ್ಧಾಂತಗಳು ಪಾಳಿ ಪ್ರಕಾರ ನಡೆಯುತ್ತವೆ. ಇವರ ನಡುವೆ ಸಮನ್ವಯಾಚಾರ್ಯರಂತೆ ಬರುವ ಗೊಬ್ಬರವಾದಿಗಳು ಅಕ್ಕಿ ತೊಳೆದ ನೀರು, ಟೀ ಚರಟ, ಮೊಟ್ಟೆ ಚಿಪ್ಪುಗಳನ್ನು ಸಮರ್ಪಿಸಿ ಹೋಗುತ್ತಾರೆ. ಬೇರಿಲ್ಲದ ಗಿಡಕ್ಕೆ ಗೊಬ್ಬರ ಹಾಕುವುದನ್ನು ಯಾವ ಶಾಸ್ತ್ರವೂ ಒಪ್ಪುವುದಿಲ್ಲ.

ಉಪಮಾನಪ್ರಮಾಣವೂ ಇಲ್ಲಿ ಕೈಕೊಡುತ್ತದೆ. ಪಕ್ಕದ ಪಾಟಿನ ಲೋಳೆಸರ ಬಿಸಿಲಿನಲ್ಲಿ ಕೊಬ್ಬಿದೆಯೆಂದು ಇದನ್ನೂ ಅಲ್ಲಿ ಕೂರಿಸಿದರೆ ಗೆಣ್ಣುಗಳೆಲ್ಲ ಕೆಂಪಡರುತ್ತವೆ. ಆ ಕೆಂಪು ಅತಿಬಿಸಿಲಿನ ದೂರು. ನೆರಳಿಗೆ ತಂದರೂ ಮಾಸದಿದ್ದರೆ ಮೆಗ್ನೀಸಿಯಂ ಸಾಲದೆಂದು ತಿಳಿದು, ಬೇರು ಸರಿಯಿದ್ದ ಪಕ್ಷದಲ್ಲಿ, ನಾಲ್ಕು ಲೀಟರ್ ನೀರಿಗೆ ಒಂದು ಟೀ ಚಮಚ ಎಪ್ಸಮ್ ಉಪ್ಪು ಕಲಸಿ ಕೊಡಬಹುದು. ಇನ್ನು ಶಬ್ದಪ್ರಮಾಣವೆಂದರೆ ನರ್ಸರಿಯವರ ಆಪ್ತವಾಕ್ಯ: "ಏನೂ ಆಗಲ್ಲ ಮೇಡಂ, ದಿನಾ ಸ್ವಲ್ಪ ಸ್ವಲ್ಪ ನೀರು ಹಾಕಿ." ತುಳಸಿಗೂ ಗುಲಾಬಿಗೂ ಮನಿ ಪ್ಲಾಂಟಿಗೂ ಅವರು ಇದೇ ಮಂತ್ರವನ್ನು ಉಪದೇಶಿಸುತ್ತಾರಾದ್ದರಿಂದ ಇದನ್ನು ಸಾಮಾನ್ಯಧರ್ಮವೆಂದು ಗೌರವಿಸಿ ಮುಂದೆ ಹೋಗೋಣ.

ಉಳಿದದ್ದು ಪ್ರತ್ಯಕ್ಷ. ಎಲ್ಲ ದರ್ಶನಗಳೂ ಒಪ್ಪುವ ಈ ಪ್ರಮಾಣವನ್ನು ಮನೆಯಲ್ಲಿ ಯಾರೂ ಬಳಸುವುದಿಲ್ಲ, ಏಕೆಂದರೆ ಕೈ ಮಣ್ಣಾಗುತ್ತದೆ. ಹಳೆಯ ಪೇಪರ್ ಹಾಸಿ, ಬುಡಕ್ಕೆ ಬೆರಳು ಕೊಟ್ಟು, ಪಾಟನ್ನು ಮಗುಚಿ ಬೇರು ನೋಡಬೇಕು. ಬೇರು ತಿಳಿಬಣ್ಣದ್ದಾಗಿ ಗಟ್ಟಿಯಿದ್ದು ಮಣ್ಣು ಹಗುರಾಗಿ ಒಣಗಿದ್ದರೆ ಜಲವಾದಿಗಳಿಗೆ ಜಯ. ಆದರೂ ಮೇಲಿಂದ ಸುರಿಯುವಂತಿಲ್ಲ. ಪೂರಾ ಒಣಗಿದ ಕೊಕೊಪೀಟ್ ಪಾಟಿನ ಗೋಡೆ ಬಿಟ್ಟು ಕುಗ್ಗಿರುತ್ತದೆ. ಸುರಿದ ನೀರು ಸಂದಿಯಲ್ಲಿ ಜಾರಿ ತಟ್ಟೆ ಸೇರುತ್ತದೆ, ಗಿಡಕ್ಕೆ ತೀರ್ಥಪ್ರೋಕ್ಷಣೆಯಷ್ಟೇ ಲಭ್ಯ. ಪಾಟನ್ನೇ ಅರ್ಧ ಗಂಟೆ ಬಕೆಟ್ಟಿನ ನೀರಿನಲ್ಲಿ ಕೂರಿಸಿ, ತೆಗೆದು, ಬಸಿಯಲು ಬಿಡಬೇಕು.

ಬೇರು ಕಂದುಕಪ್ಪಾಗಿ, ಹಿಡಿದರೆ ಸಿಪ್ಪೆ ಜಾರಿ ಬಂದು, ಚರಂಡಿಯ ವಾಸನೆ ಹೊಡೆದರೆ ಜಲವಾದಿಗಳು ಸದ್ದಿಲ್ಲದೆ ಅಡುಗೆಮನೆಗೆ ಹೋಗುತ್ತಾರೆ. ಕೊಳೆತದ್ದನ್ನೆಲ್ಲ ಕತ್ತರಿಸಿ, ಆ ಮಣ್ಣನ್ನು ಎಸೆದು, ತೂತಿರುವ ಚಿಕ್ಕ ಮಣ್ಣಿನ ಕುಂಡಕ್ಕೆ ಬದಲಿಸಬೇಕು. ಕೊಕೊಪೀಟ್, ಎಲೆಗೊಬ್ಬರ, ಪರ್ಲೈಟು ಅಥವಾ ಇದ್ದಿಲ ಚೂರು ಬೆರೆಸಿದ, ಹಿಡಿದರೆ ಉಂಡೆಯಾಗದ ಮಿಶ್ರಣ ಸಾಕು. ಆಮೇಲೆ ಮೇಲ್ಮಣ್ಣು ಒಂದು ಬೆರಳ ಗೆಣ್ಣಿನಷ್ಟು ಒಣಗಿದಾಗ ಮಾತ್ರ ನೀರು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ಪೂರ್ವದ ಬೆಳಗಿನ ಎಳೆಬಿಸಿಲು ಆಗಬಹುದು. ಬುಡವೇ ಮೆತ್ತಗಾಗಿದ್ದರೆ ಆ ದೇಹದ ಮೋಹ ಬಿಡಬೇಕು. ತುದಿಯ ಎರಡು ಮೂರು ಗೆಣ್ಣು ಗಟ್ಟಿಯಿದ್ದರೆ ಕೀಲಿನಲ್ಲಿ ತಿರುಚಿ ಮುರಿದು, ಎರಡು ಮೂರು ದಿನ ನೆರಳಲ್ಲಿ ಗಾಯ ಒಣಗಿಸಿ, ಅದೇ ಮಿಶ್ರಣದಲ್ಲಿ ಊರಿದರೆ ಕೆಲವು ವಾರದಲ್ಲಿ ಬೇರೊಡೆಯುತ್ತದೆ. ಆತ್ಮ ಒಂದು ಶರೀರದಿಂದ ಇನ್ನೊಂದಕ್ಕೆ ಹೋಗುವುದನ್ನು ಬಾಲ್ಕನಿಯಲ್ಲಿ ಕೂತು ನೋಡುವ ಅವಕಾಶ ವೇದಾಂತಿಗಳಿಗೆ ಇದೊಂದೇ.

ಗಿಡ ಬದುಕಿದರೂ ಹೂ ಬಿಡುತ್ತಿಲ್ಲವೆಂಬ ಪೂರ್ವಪಕ್ಷ ಉಂಟು. ತವರಿನಲ್ಲಿ ಇದು ಅರಳುವುದು ಮೇ ತಿಂಗಳ ಸುಮಾರಿಗೆ, ದಕ್ಷಿಣ ಗೋಳಾರ್ಧದ ಚಳಿ ಹೊಸ್ತಿಲಿಗೆ ಬಂದಾಗ. ಅದು ಹಬ್ಬವನ್ನು ಎಣಿಸುವುದಿಲ್ಲ, ಇರುಳನ್ನು ಎಣಿಸುತ್ತದೆ. 12 ಗಂಟೆಗೂ ಮೀರಿದ ಅಡೆತಡೆಯಿಲ್ಲದ ಕತ್ತಲು, ಸುಮಾರು ಆರು ವಾರ, ಜೊತೆಗೆ 15ರಿಂದ 20 ಡಿಗ್ರಿಯ ತಂಪು ಸಿಕ್ಕರೆ ಮೊಗ್ಗು. ಬೆಂಗಳೂರಿನ ಅತಿ ಗಿಡ್ಡ ಹಗಲೂ 11 ಗಂಟೆ 20 ನಿಮಿಷದ ಆಸುಪಾಸು. ಅಂದರೆ ಕತ್ತಲು ಸಾಕಾಗುತ್ತದೆ, ಮಿಗುವುದಿಲ್ಲ. ಆ ಸಣ್ಣ ಅಂಚನ್ನು ಬಾಲ್ಕನಿಯ ಟ್ಯೂಬ್‌ಲೈಟು, ಎದುರಿನ ಬೀದಿದೀಪ, ಹಾಲಿನ ಧಾರಾವಾಹಿಗಳು ಸೇರಿ ತಿಂದುಬಿಡುತ್ತವೆ. ಅಕ್ಟೋಬರಿನಿಂದ ಸಂಜೆ ಆರಕ್ಕೆ ರಟ್ಟಿನ ಡಬ್ಬ ಕವುಚಿ ಬೆಳಗ್ಗೆ ಎಂಟಕ್ಕೆ ತೆಗೆಯುವ ವ್ರತ ಹಿಡಿದವರಿಗೆ ಸಿದ್ಧಿ. ಮಂಗಳೂರಿನವರು ಈ ವ್ರತಕ್ಕೆ ಎಳಸದಿರುವುದು ಲೇಸು. ಅಲ್ಲಿನ ರಾತ್ರಿಗೆ ಕತ್ತಲಿದೆ, ತಂಪಿಲ್ಲ.

ಮೊಗ್ಗು ಕಂಡ ದಿನವೇ ಅತಿ ಅಪಾಯದ ದಿನ. ಹೆಮ್ಮೆಯಿಂದ ಪಾಟನ್ನು ಒಳಗೆ ತಂದು, ಊಟದ ಮೇಜಿನ ಮೇಲೆ ಬಾಳೆಹಣ್ಣಿನ ಬುಟ್ಟಿಯ ಪಕ್ಕ ಇಡುತ್ತಾರೆ. ಜಾಗ, ಬೆಳಕು, ಹವೆ ಒಟ್ಟಿಗೇ ಬದಲಾಗುತ್ತವೆ. ಮಾಗುವ ಹಣ್ಣು ಎಥಿಲೀನ್ ಬಿಡುತ್ತದೆ. ನೆಂಟರು ಬರುವಷ್ಟರಲ್ಲಿ ಮೊಗ್ಗೆಲ್ಲ ಮೇಜಿನ ಮೇಲೆ. ಮೊಗ್ಗಿನ ಗಿಡವನ್ನು ಇದ್ದಲ್ಲೇ ಬಿಟ್ಟು ನೆಂಟರನ್ನೇ ಬಾಲ್ಕನಿಗೆ ಕರೆದೊಯ್ಯತಕ್ಕದ್ದು.

ಕೊನೆಯದಾಗಿ ದಾಯಭಾಗದ ಪ್ರಶ್ನೆ. ಚೆನ್ನಾಗಿ ನೋಡಿಕೊಂಡರೆ ಈ ಗಿಡ ದಶಕಗಟ್ಟಲೆ ಬದುಕಿ, ಕಡ್ಡಿಯ ರೂಪದಲ್ಲಿ ಮಕ್ಕಳು ಮೊಮ್ಮಕ್ಕಳ ಮನೆ ಸೇರುತ್ತದೆ. ಹಾಗಾದರೆ ಮುರಿದು ನೆಟ್ಟ ಕಡ್ಡಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ? ಕಲ್ಯಾಣದಲ್ಲಿ ಕೂತು ಮಿತಾಕ್ಷರ ಬರೆದ ವಿಜ್ಞಾನೇಶ್ವರನ ಕಾಲಕ್ಕೆ ಈ ಕಳ್ಳಿ ಬ್ರೆಜಿಲಿನ ಮರ ಬಿಟ್ಟು ಇಳಿದಿರಲಿಲ್ಲವಾದ್ದರಿಂದ ಅಲ್ಲಿ ಉತ್ತರವಿಲ್ಲ. ವಕೀಲರೊಬ್ಬರ ಅಭಿಪ್ರಾಯ ಕೇಳಲಾಗಿದೆ. ಫೀಜು ಬೇಡ, ಎರಡು ಕಡ್ಡಿ ಕಳಿಸಿ, ಕೆಂಪು ಹೂವಿನದೇ ಆಗಲಿ ಎಂದಿದ್ದಾರೆ.