ವಿಶೇಷ ಆರ್ಥಿಕ ವಲಯ: ಲಕ್ಷಣ, ಪ್ರಭೇದ, ಆಯುಷ್ಯ

ವಿದೇಶವೆಂದರೆ ಸಮುದ್ರದಾಚೆಯ ನೆಲ ಎಂಬ ನಂಬಿಕೆ ಜನಸಾಮಾನ್ಯರಲ್ಲಿ ಇಂದಿಗೂ ಉಳಿದಿದೆ. 2005ರ ವಿಶೇಷ ಆರ್ಥಿಕ ವಲಯಗಳ ಕಾಯ್ದೆ ಈ ಭೂಗೋಳದೋಷವನ್ನು ತಿದ್ದಿತು. ಅದರ 53ನೆಯ ಕಲಮಿನಂತೆ, ಅನುಮೋದಿತ ಕಾರ್ಯಗಳ ಮಟ್ಟಿಗೆ ವಲಯವು ಭಾರತದ ಸೀಮಾಸುಂಕ ಪ್ರದೇಶದ ಹೊರಗಿದೆಯೆಂದು ಭಾವಿಸತಕ್ಕದ್ದು. ಉಳಿದ ದೇಶಕ್ಕೆ ‘ದೇಶೀಯ ಸುಂಕ ಪ್ರದೇಶ’ ಎಂದು ಹೆಸರು. ತಾವು ವಾಸವಾಗಿರುವುದು ಅಲ್ಲೇ ಎಂಬುದು ಅದರ ನಿವಾಸಿಗಳಲ್ಲಿ ಬಹುತೇಕರಿಗೆ ತಿಳಿದಿಲ್ಲ.

ಮೊದಲನೆಯದು, ಗಡಿ. 2006ರ ನಿಯಮಾವಳಿಯು ಕನಿಷ್ಠ 2 ಮೀಟರ್ 40 ಸೆಂಟಿಮೀಟರ್ ಎತ್ತರದ ಗೋಡೆ ಅಥವಾ ತಂತಿಬೇಲಿಯನ್ನೂ, ಅದರ ಮೇಲ್ಭಾಗದ 60 ಸೆಂಟಿಮೀಟರಿಗೆ ಮುಳ್ಳುತಂತಿಯನ್ನೂ ವಿಧಿಸಿತು. ಹಿಮಾಲಯದ ವಿಷಯದಲ್ಲಿ ಇಷ್ಟು ನಿಖರತೆ ಪಾಲನೆಯಾಗಿಲ್ಲ.

ಎರಡನೆಯದು, ಪ್ರಭೇದಗಳು. ಮೂಲಪುರುಷನ ಸ್ಥಾನ ಗುಜರಾತಿನ ಕಾಂಡ್ಲಾಕ್ಕೆ ಸಲ್ಲುತ್ತದೆ. 1965ರಲ್ಲಿ ಅದು ರಫ್ತು ಸಂಸ್ಕರಣಾ ವಲಯವಾಗಿ ಜನಿಸಿತು. ಬಹು-ಉತ್ಪನ್ನ ವಲಯವು ದೈತ್ಯ ಜಾತಿಗೆ ಸೇರಿದ್ದು, ಅದಕ್ಕೆ ಕನಿಷ್ಠ 1000 ಹೆಕ್ಟೇರ್ ನೆಲ ಬೇಕಿತ್ತು. ಈ ಅಗತ್ಯವು 2013ರಲ್ಲಿ 500ಕ್ಕೂ, 2019ರಲ್ಲಿ 50ಕ್ಕೂ ಕುಗ್ಗಿತು. ವಿಕಾಸವಾದಿಗಳು ಇಷ್ಟು ವೇಗದ ಕುಗ್ಗುವಿಕೆಯನ್ನು ಬೇರಾವ ಜೀವಿಯಲ್ಲೂ ಕಂಡಿಲ್ಲ. ಒಂದೇ ಉದ್ಯಮಕ್ಕೆ ಮೀಸಲಾಗಿದ್ದ ಪ್ರಭೇದಕ್ಕೆ ಬೆಳಗಾವಿ ಜಿಲ್ಲೆಯ ಹತ್ತರಗಿಯ ವಿಮಾನಭಾಗಗಳ ವಲಯ ಉದಾಹರಣೆ. ಮುಕ್ತ ವ್ಯಾಪಾರ ಉಗ್ರಾಣ ವಲಯದಲ್ಲಿ ಸರಕು ಬರುತ್ತದೆ, ತಂಗುತ್ತದೆ, ಹೊರಡುತ್ತದೆ. ಇದರ ಪೂರ್ವರೂಪವನ್ನು ಧರ್ಮಛತ್ರಗಳಲ್ಲಿ ಗುರುತಿಸಬಹುದು. ಬೆಂಗಳೂರಿನಲ್ಲಿ ಹುಲುಸಾಗಿ ಬೆಳೆಯುವುದು ಮಾಹಿತಿ ತಂತ್ರಜ್ಞಾನ ಪ್ರಭೇದ. ಇದಕ್ಕೆ ಬಿಸಿಲು ಬೇಡ, ಗಾಜು ಸಾಕು.

ಮೂರನೆಯದು, ಕಾರ್ಯವಿಧಾನ. ಗೇಟಿನೆದುರಿನ ಅಂಗಡಿಯಿಂದ ಕುರ್ಚಿಯೊಂದು ಒಳಗೆ ಹೋದರೆ ಅದು ರಫ್ತು. ಅದೇ ಕುರ್ಚಿ ಕಾಲು ಮುರಿದುಕೊಂಡು ಹೊರಬಂದರೆ ಆಮದು. ಸುಂಕದ ಪ್ರಶ್ನೆ ಏಳುತ್ತದೆ. ನಡುವಿನ ರಸ್ತೆಯ ಅಗಲ 40 ಅಡಿ. ಪ್ರಯಾಣದ ಆಯಾಸದಿಂದ ಕುರ್ಚಿ ಬಳಲಿದ ವರದಿಗಳಿಲ್ಲ. ನೌಕರನು ಬೆಳಗ್ಗೆ ಸ್ವದೇಶದಲ್ಲಿ ಇಡ್ಲಿ ತಿಂದು, ಕೊರಳಪಟ್ಟಿಯ ಗುರುತಿನ ಚೀಟಿಯ ಬಲದಿಂದ ದೇಶ ತೊರೆದು, ಸಂಜೆ ಟ್ರಾಫಿಕ್ಕಿನ ಮೂಲಕ ತಾಯ್ನಾಡಿಗೆ ಮರಳುತ್ತಾನೆ. ವಿಮಾನ ನಿಲ್ದಾಣಕ್ಕೆ ಹೋಗಿ ಹಾರ ಹಾಕುವ ಪದ್ಧತಿ ಇಂಥ ಕುಟುಂಬಗಳಲ್ಲಿ ಮೊದಲ ವಾರದಲ್ಲೇ ನಿಂತುಹೋಗುತ್ತದೆ. 2022ರ ಜುಲೈಯಲ್ಲಿ ಮನೆಯಿಂದಲೇ ಕೆಲಸಮಾಡಲು ಅರ್ಧದಷ್ಟು ನೌಕರರಿಗೆ ಅವಕಾಶ ದೊರೆತ ಮೇಲೆ, ಪರದೇಶದ ಲ್ಯಾಪ್‌ಟಾಪುಗಳು ಸ್ವದೇಶದ ಊಟದ ಮೇಜುಗಳನ್ನು ಏರಿದವು.

ನಾಲ್ಕನೆಯದು, ಆಯುಷ್ಯ. ರಫ್ತಿನ ಲಾಭಕ್ಕೆ ಮೊದಲ ಐದು ವರ್ಷ ಪೂರ್ಣ ತೆರಿಗೆ ವಿನಾಯಿತಿ, ಮುಂದಿನ ಐದು ವರ್ಷ ಅರ್ಧ, ಕೊನೆಯ ಐದು ವರ್ಷ ಲಾಭವನ್ನು ಮತ್ತೆ ಉದ್ಯಮಕ್ಕೇ ತೊಡಗಿಸಿದರೆ ಅರ್ಧದವರೆಗೆ. ಇವನ್ನು ಬಾಲ್ಯ, ಯೌವನ, ಮುಪ್ಪು ಎನ್ನಬಹುದು. ಹೊಸ ಘಟಕಗಳಿಗೆ ಈ ವಿನಾಯಿತಿ ನಿಂತ ಮೇಲೆ ಅನೇಕ ಗಾಜಿನ ಮಹಡಿಗಳು ಖಾಲಿ ಉಳಿದವು. ವಿದೇಶದಲ್ಲೇ ಇರಬೇಕೆಂಬ ಉತ್ಕಟತೆ ತೆರಿಗೆಯೊಂದಿಗೆ ಹೇಗೆ ಏರಿಳಿಯುತ್ತದೆಂಬುದು ಇದರಿಂದ ಸ್ಪಷ್ಟ. 2023ರ ಡಿಸೆಂಬರಿನಲ್ಲಿ, ಇಂಥ ಕಟ್ಟಡದ ಇಡೀ ಮಹಡಿಯನ್ನು ವಲಯದ ಬಳಕೆಯಿಂದ ಬಿಡಿಸಿಕೊಳ್ಳಲು ಅನುಮತಿ ಸಿಕ್ಕಿತು. ಅರ್ಧ ಮಹಡಿಗೆ ಅವಕಾಶವಿಲ್ಲ. ಹೀಗಾಗಿ ಮೂರನೆಯ ಮಹಡಿ ಪರದೇಶ, ನಾಲ್ಕನೆಯದು ಭಾರತ. ಲಿಫ್ಟು ಎರಡಕ್ಕೂ ನಿಲ್ಲುತ್ತದೆ.

ಕೊನೆಯದು, ನೆಲದ ಮೂಲ. ಮಂಗಳೂರಿನ ಸಮೀಪ ಪೆರ್ಮುದೆ, ಕಳವಾರು ಕಡೆ ವಲಯಕ್ಕಾಗಿ ಭೂಸ್ವಾಧೀನ ನಡೆಯಿತು. ಗದ್ದೆಯು ಇದ್ದಲ್ಲೇ ಇದ್ದು, ಪಾಸ್‌ಪೋರ್ಟಿಲ್ಲದೆ, ವೀಸಾ ಇಲ್ಲದೆ ಹೊರದೇಶ ಸೇರಿತು. ಬಾವಿಯೂ ಅದನ್ನು ಹಿಂಬಾಲಿಸಿತು. ಒಡೆಯ ಮಾತ್ರ ಇಲ್ಲೇ ಉಳಿದ. ಇಂಥವನನ್ನು ಏನೆಂದು ಕರೆಯಬೇಕೆಂದು ಕಾಯ್ದೆಯ ವ್ಯಾಖ್ಯೆಗಳು ತಿಳಿಸುವುದಿಲ್ಲ. ಕನ್ನಡದಲ್ಲಿ ‘ಪರದೇಶಿ’ ಎಂಬ ಪದ ಮೊದಲಿನಿಂದಲೂ ಇದೆ.