ಬೇಗ ಸವೆಯುವ ಟೈರ್ ಬೇಕಾಗಿದೆ

ಆಟೋಕ್ರಾಸ್ ಎಂಬ ಆಟಕ್ಕೆ ಬೀಳುವವರು ಮೊದಲು ಅದರ ಲೆಕ್ಕ ನೋಡಬೇಕು. ಭಾನುವಾರ ನಸುಕಿಗೇ ಎದ್ದು, ಊರಾಚೆ ಯಾವುದೋ ಹಳೆಯ ವಿಮಾನ ನಿಲ್ದಾಣದ ಕಾಂಕ್ರೀಟ್ ಹಾಸಿಗೋ ಸ್ಟೇಡಿಯಂ ಪಾರ್ಕಿಂಗಿಗೋ ಹೋಗಿ, ಇಡೀ ದಿನ ಬಿಸಿಲಲ್ಲಿ ನಿಂತು, ಸಂಜೆ ಮುಖ ಕಪ್ಪಿಟ್ಟುಕೊಂಡು ಮನೆಗೆ ಬರುವಷ್ಟರಲ್ಲಿ ಮನುಷ್ಯ ನಿಜವಾಗಿ ಪಂದ್ಯದಲ್ಲಿ ಕಾರು ಓಡಿಸಿರುವುದು ನಾಲ್ಕರಿಂದ ಆರು ನಿಮಿಷ. ಒಂದು ಓಟಕ್ಕೆ ಒಂದು ನಿಮಿಷದ ಆಸುಪಾಸು. ದಿನಕ್ಕೆ ನಾಲ್ಕು ಓಟ, ಪುಣ್ಯವಿದ್ದರೆ ಆರು. ಮಿಕ್ಕ ಹೊತ್ತಿನಲ್ಲಿ ಅರ್ಧಭಾಗ ಬೇರೆಯವರು ಕೆಡವಿದ ಕೋನ್‌ಗಳನ್ನು ಓಡಿಹೋಗಿ ಎತ್ತಿ ನಿಲ್ಲಿಸುವ ಕೆಲಸ. ಇನ್ನರ್ಧ ಟೈರಿನ ಮಾತು.

ಆಟ ಸರಳ. ಕಿತ್ತಳೆ ಬಣ್ಣದ ಕೋನ್‌ಗಳಿಂದ ಗುರುತಿಸಿದ ಸೊಟ್ಟಪಟ್ಟ ದಾರಿಯಲ್ಲಿ ಒಬ್ಬೊಬ್ಬರೇ ಕಾರು ಓಡಿಸಬೇಕು. ಎದುರಾಳಿ ಗಡಿಯಾರ ಮಾತ್ರ. ಕೋನ್ ಬಿದ್ದರೆ ಒಂದಕ್ಕೆ ಎರಡು ಸೆಕೆಂಡ್ ದಂಡ, ದಾರಿ ತಪ್ಪಿದರೆ ಆ ಓಟವೇ ಲೆಕ್ಕಕ್ಕಿಲ್ಲ. ಅಮೆರಿಕದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ನಡೆಸುವುದು 1944ರಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ. ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ನೆಬ್ರಾಸ್ಕಾದ ಲಿಂಕನ್ನಿನಲ್ಲಿ ನಡೆಯುವ ಅದರ ರಾಷ್ಟ್ರೀಯ ಪಂದ್ಯಕ್ಕೆ ಸಾವಿರಕ್ಕೂ ಹೆಚ್ಚು ಚಾಲಕರು ಬರುತ್ತಾರೆ. ಅಲ್ಲಿ ಗೆಲುವು ಸೋಲು ಸೆಕೆಂಡಿನ ಸಾವಿರದ ಪಾಲಿನಲ್ಲಿ ತೀರ್ಮಾನವಾಗುವುದೂ ಉಂಟು. ಅಂಥವರು ಟೈರಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿದೆ. ಮೊದಲ ಓಟದಲ್ಲೇ ಮೂರು ಕೋನ್ ಕೆಡವಿ, ನಾಲ್ಕನೆಯದನ್ನು ಬಂಪರಿನಡಿ ಸಿಕ್ಕಿಸಿಕೊಂಡು ಬರುವವರೂ ಅಷ್ಟೇ ತಲೆ ಕೆಡಿಸಿಕೊಳ್ಳುತ್ತಾರೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ಮೈಸೂರು ಕಡೆಯ ಎಂಜಿನಿಯರೊಬ್ಬ ಈ ಎರಡನೇ ಗುಂಪಿಗೆ ಸೇರಿದವನು. ಅವನು ಕೊಂಡದ್ದು ಸೆಕೆಂಡ್‌ಹ್ಯಾಂಡ್ ಟೊಯೊಟಾ 86. ಮನೆಯಲ್ಲಿ ಒಪ್ಪಿಗೆ ಸಿಕ್ಕಿದ್ದು "ಹಿಂದುಗಡೆ ಎರಡು ಸೀಟಿದೆ, ಮಕ್ಕಳು ಕೂರಬಹುದು" ಎಂಬ ವಾದದ ಮೇಲೆ. ಆ ಸೀಟು ಮಡಚಿದರೆ ನಾಲ್ಕು ಟೈರ್ ಹಿಡಿಸುವಷ್ಟು ಜಾಗವಾಗಬೇಕೆಂದು ಲೆಕ್ಕ ಹಾಕಿಯೇ ಕಂಪನಿಯವರು ಕಾರು ಮಾಡಿದ್ದರೆಂಬ ವಿಷಯವನ್ನು ಅವನು ಮನೆಯಲ್ಲಿ ಹೇಳಲಿಲ್ಲ.

ಕಾರು ಬಂದ ದಿನ ಪೂಜೆಯಾಯಿತು. ನಾಲ್ಕು ಟೈರಿನಡಿ ನಾಲ್ಕು ನಿಂಬೆಹಣ್ಣು, ನಾಲ್ಕೂ ಒಂದೇ ಸಲಕ್ಕೆ ಅಪ್ಪಚ್ಚಿ. ಆ ಗುರಿ ಮುಂದೆ ಕೋನ್‌ಗಳ ಮೇಲೂ ಮುಂದುವರಿದದ್ದು ಬೇರೆ ಮಾತು. ನಿಂಬೆಹಣ್ಣು ಇಡಲು ಬಗ್ಗಿದಾಗಲೇ ಅವನು ಟೈರಿನ ಪಕ್ಕೆಯ ಮೇಲಿನ ಹೆಸರು ಓದಿದ್ದು: ಮಿಶೆಲಿನ್ ಪ್ರೈಮಸಿ ಎಚ್‌ಪಿ. ಹುಡುಕಿದರೆ, ಪೆಟ್ರೋಲ್ ಉಳಿಸುವುದಕ್ಕೇ ಹೆಸರಾದ ಪ್ರಿಯಸ್ ಕಾರಿಗೂ ಜಪಾನಿನಲ್ಲಿ ಇದೇ ಜಾತಿಯ ಟೈರ್ ಕೊಡುತ್ತಿದ್ದರು! ಸ್ಪೋರ್ಟ್ಸ್ ಕಾರಿಗೆ ಸಂಸಾರಸ್ಥರ ಟೈರ್. ಯಾರೋ ಮೋಸ ಮಾಡಿದ್ದಾರೆಂದೇ ಅವನ ತೀರ್ಮಾನ.

ಮೋಸವೇನೂ ಇರಲಿಲ್ಲ. 2012ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ ಮುಖ್ಯ ಎಂಜಿನಿಯರ್ ತೆತ್ಸುಯಾ ತಾಡಾ ಮತ್ತು ಅವರ ತಂಡ ಬೇಕೆಂದೇ ಹಿಡಿತ ಕಡಿಮೆಯ ಟೈರ್ ಆರಿಸಿತ್ತು. ಅಂಟು ಟೈರಿನ ಮೇಲೆ ಕಾರು ಎಷ್ಟು ವೇಗದಲ್ಲಿ ತಿರುಗಿದರೂ ಚಾಲಕನಿಗೆ ಏನೂ ತಿಳಿಯದು. ಹಿಡಿತ ಕಡಿಮೆಯಿದ್ದರೆ ಸಾಧಾರಣ ವೇಗದಲ್ಲೇ ಹಿಂಬದಿ ಸ್ವಲ್ಪ ಜಾರುತ್ತದೆ, ಸ್ಟಿಯರಿಂಗ್ ಮಾತಾಡುತ್ತದೆ. ಅದೇ ಮಜಾ ಎಂಬುದು ಅವರ ಲೆಕ್ಕಾಚಾರ. ಫ್ರೀಮಾಂಟಿನ ಎಂಜಿನಿಯರನಿಗೆ ಆ ಮಜಾ ಬೇಕಿರಲಿಲ್ಲ, ಟೈಮ್ ಬೇಕಿತ್ತು.

ಅಲ್ಲಿಂದ ಶುರುವಾಯಿತು ಟೈರ್ ಅಧ್ಯಯನ. 215/45 ಆರ್ 17 ಎಂದರೆ ಅಗಲ 215 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ಶೇಕಡಾ 45, ಒಳಗೆ 17 ಇಂಚಿನ ರಿಮ್. ಅಗಲಕ್ಕೆ ಮಿಲಿಮೀಟರ್, ರಿಮ್ಮಿಗೆ ಇಂಚು, ನಡುವೆ ಶೇಕಡಾವಾರು: ಒಂದೇ ಸಾಲಿನಲ್ಲಿ ಮೂರು ಬಗೆಯ ಅಳತೆ ಯಾಕೆಂದು ಕೇಳಬಾರದು. ಕೊನೆಯ ಅಕ್ಷರ ವೇಗದ್ದು. ಎಚ್ ಇದ್ದರೆ ಗಂಟೆಗೆ 210 ಕಿಲೋಮೀಟರ್, ಡಬ್ಲ್ಯೂ ಇದ್ದರೆ 270. ಇನ್ನೊಂದೆಡೆ ಪುಟ್ಟ ಚೌಕದೊಳಗೆ ನಾಲ್ಕಂಕಿ: 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ಹುಟ್ಟಿದ ಟೈರ್. ಬಟನ್ ಎಷ್ಟೇ ಉಳಿದಿರಲಿ, ವಯಸ್ಸಾದ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಹಳೇ ರೇಸ್ ಟೈರ್ ಹೊತ್ತು ತರುವ ಹೊಸಬರು ಮೊದಲು ನೋಡಬೇಕಾದ್ದು ಈ ಚೌಕವನ್ನೇ.

ಇವೆಲ್ಲಕ್ಕಿಂತ ದೊಡ್ಡ ಅಂಕಿ ಟ್ರೆಡ್‌ವೇರ್, ಅಂದರೆ ಸವೆತದ ದರ್ಜೆ. ಅಮೆರಿಕ ಸರ್ಕಾರ ಇದಕ್ಕೊಂದು ಪರೀಕ್ಷೆ ಇಟ್ಟಿದೆ. ಟೆಕ್ಸಾಸಿನ ಸ್ಯಾನ್ ಆಂಜೆಲೊ ಸುತ್ತಮುತ್ತಲ 400 ಮೈಲಿಯ ದಾರಿಯಲ್ಲಿ ಕಾರುಗಳನ್ನು ಒಂದರ ಹಿಂದೊಂದು ಸಾಲಾಗಿ ಓಡಿಸುತ್ತಾರೆ. ಒಟ್ಟು 7,200 ಮೈಲಿ ಮುಗಿಯುವವರೆಗೆ ಮಧ್ಯೆ ಮಧ್ಯೆ ಬಟನ್ ಅಳೆಯುತ್ತಾರೆ. ಜೊತೆಗೇ ಓಡುವ ಮಾದರಿ ಟೈರಿಗೆ 100 ಅಂಕ. ಅದರ ಎರಡರಷ್ಟು ಬಾಳುವುದಕ್ಕೆ 200. ಇಷ್ಟೆಲ್ಲ ಆದಮೇಲೆ ಟೈರಿನ ಮೇಲೆ ಅಚ್ಚಾಗುವ ಅಂಕಿಯನ್ನು ನಿರ್ಧರಿಸುವವರು ಯಾರು? ಆಯಾ ಟೈರ್ ಕಂಪನಿಯವರೇ. ಪರೀಕ್ಷೆ ಬರೆದ ಹುಡುಗನ ಕೈಗೇ ಕೆಂಪು ಪೆನ್ನು ಕೊಟ್ಟು ಮಾರ್ಕ್ಸ್ ಹಾಕಿಕೋ ಎಂದ ಹಾಗೆ. ಪಕ್ಕದಲ್ಲಿರುವ ಟ್ರಾಕ್ಷನ್ ದರ್ಜೆಯೂ ಹೊಸಬನ ಕೆಲಸಕ್ಕೆ ಬರುವುದಿಲ್ಲ. ಅದು ಒದ್ದೆ ನೆಲದಲ್ಲಿ ನೇರಕ್ಕೆ ಬ್ರೇಕ್ ಹಾಕಿದಾಗಿನ ಹಿಡಿತ. ತಿರುವಿನ ಸುದ್ದಿಯೇ ಅದರಲ್ಲಿಲ್ಲ.

ಆದರೂ ಲೋಕ ಈ ಅಂಕಿಯನ್ನು ನಂಬಿ ನಡೆಯುತ್ತದೆ. ಮನೆಮಂದಿಯ ಕಾರಿನ ಆಲ್‌ಸೀಸನ್ ಟೈರ್ 500ಕ್ಕೂ ಮೇಲೆ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ತರಹದ ಒಳ್ಳೆಯ ಬೇಸಿಗೆ ಟೈರ್ 300ರ ಆಸುಪಾಸು. ಹೂಸಿಯರ್ ಎ7 ಎಂಬ ರೇಸ್ ಟೈರ್ ಬರೀ 40. ಸ್ಪೋರ್ಟ್ಸ್ ಕಾರ್ ಕ್ಲಬ್ಬಿನವರು ಸಾಮಾನ್ಯ ಕಾರುಗಳ ವರ್ಗಕ್ಕೆ 200ಕ್ಕಿಂತ ಕಡಿಮೆ ಇರಕೂಡದೆಂದು ಗೆರೆ ಎಳೆದರು. ಖರ್ಚಿಗೆ ಕಡಿವಾಣವಿರಲೆಂದು ಎಳೆದ ಗೆರೆ ಅದು. ಟೈರ್ ಕಂಪನಿಯವರು ಗೆರೆ ದಾಟಲಿಲ್ಲ, ಅದರ ಮೇಲೇ ಬಂದು ಕೂತರು. ಬ್ರಿಡ್ಜ್‌ಸ್ಟೋನ್ ಆರ್‌ಇ-71ಆರ್‌ಎಸ್ 200. ಯೊಕೊಹಾಮಾ ಎ052 200. ಫಾಲ್ಕನ್ ಆರ್‌ಟಿ660 200. ಹ್ಯಾಂಕೂಕ್ ಆರ್‌ಎಸ್4 ಕೂಡ 200. ಒಂದು ತರಗತಿಗೆ ತರಗತಿಯೇ ಒಂದೇ ಮಾರ್ಕ್ಸ್ ತೆಗೆದಿದ್ದು ನೋಡಿ ಯಾವ ಮೇಷ್ಟರಿಗಾದರೂ ಅನುಮಾನ ಬರಬೇಕು. ಬಳಸಿದವರ ಅನುಭವದಲ್ಲಿ ಇವುಗಳ ಬಾಳಿಕೆ ಅಜಗಜಾಂತರ: ಮೊದಲೆರಡು ಬೇಗ ಬಿಸಿಯೇರಿ, ಮೊದಲ ತಿರುವಿಗೇ ನೆಲ ಕಚ್ಚಿ, ಅಷ್ಟೇ ಬೇಗ ಕರಗುತ್ತವೆ; ಆರ್‌ಎಸ್4 ನಿಧಾನಕ್ಕೆ ಬಿಸಿಯಾಗಿ ಬಹುಕಾಲ ಬಾಳುತ್ತದೆ.

ಆಟೋಕ್ರಾಸಿನ ಟೈರ್ ಬೇರೆ, ಟ್ರ್ಯಾಕಿನ ಟೈರ್ ಬೇರೆ ಎನ್ನುವುದು ಇದೇ ಕಾರಣಕ್ಕೆ. ಆಟೋಕ್ರಾಸಿನಲ್ಲಿ ಟೈರಿಗೆ ಬಿಸಿಯಾಗಲು ಪುರುಸೊತ್ತಿಲ್ಲ. ಒಂದೇ ಕಾರನ್ನು ಇಬ್ಬರು ಸರದಿಯಲ್ಲಿ ಓಡಿಸಿದರೆ ಮಾತ್ರ ಕತೆ ತಿರುಗುಮುರುಗು. ಆಗ ಗಿಡಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್ ಹಿಡಿದು ಟೈರಿಗೆ ನೀರು ಸಿಂಪಡಿಸುತ್ತ ಕಾರಿಗೆ ಪ್ರದಕ್ಷಿಣೆ ಹಾಕಬೇಕಾಗುತ್ತದೆ. ಟ್ರ್ಯಾಕಿನಲ್ಲಿ ಒಮ್ಮೆ ಒಳಗೆ ಹೋದರೆ ಇಪ್ಪತ್ತು ನಿಮಿಷ ಬಿಡುವಿಲ್ಲ. ಕ್ಯಾಲಿಫೋರ್ನಿಯಾದ ಲಗೂನಾ ಸೇಕಾ ಟ್ರ್ಯಾಕಿನಲ್ಲಿ ಒಂದು ಸುತ್ತಿಗೆ ಮೂರೂವರೆ ಕಿಲೋಮೀಟರಿನ ಮೇಲೆ, ಹನ್ನೊಂದು ತಿರುವು. ಕಾರ್ಕ್‌ಸ್ಕ್ರೂ ಎಂಬ ತಿರುವಿನಲ್ಲಂತೂ ನೆಲ ಸುಮಾರು 18 ಮೀಟರ್ ಕೆಳಗಿಳಿಯುತ್ತದೆ. ಅಲ್ಲಿ ಶಾಖ ಏರುತ್ತಲೇ ಹೋಗುತ್ತದೆ. ಪ್ರತಿ ಐದಾರು ಡಿಗ್ರಿ ಸೆಲ್ಸಿಯಸ್ಸಿಗೆ ಒಂದು ಪಿಎಸ್‌ಐನಂತೆ ಗಾಳಿಯ ಒತ್ತಡವೂ ಏರಿ, ಬೆಳಿಗ್ಗೆ ಅಳೆದು ಹಾಕಿದ ಲೆಕ್ಕ ತಲೆಕೆಳಗು. ದಪ್ಪ ಬಟನ್ನಿನ ಆಲ್‌ಸೀಸನ್ ಟೈರುಗಳು ಇಲ್ಲಿ ಮೆತ್ತಗಾಗಿ, ಅಂಚಿನಿಂದ ತುಂಡುತುಂಡಾಗಿ ಕಿತ್ತು ಬರುತ್ತವೆ. ಅದಕ್ಕೇ ಕೆಲವರು ಹೊಚ್ಚಹೊಸ ಟೈರನ್ನು ಯಂತ್ರಕ್ಕೆ ಕೊಟ್ಟು ಬಟನ್ ಹೆರೆಸುತ್ತಾರೆ. ಟೈರಿಗೊಂದು ದುಡ್ಡು, ಅದನ್ನು ಸವೆಸಲು ಮತ್ತೊಂದು ದುಡ್ಡು.

ಎಂಜಿನಿಯರ್ 200ರ ಟೈರ್ ಕೊಳ್ಳಲು ಹೊರಟ ವಿಷಯ ಫೋನಿನಲ್ಲಿ ಮೈಸೂರು ತಲುಪಿತು. ಅವನ ಅಪ್ಪ ಕೆಆರ್‌ಎಸ್ ರಸ್ತೆಯ ವಿಕ್ರಾಂತ್ ಟೈರ್ಸ್ ಕಾರ್ಖಾನೆಯಲ್ಲಿ, ಅದು 1997ರಲ್ಲಿ ಜೆಕೆ ಟೈರಿನ ಪಾಲಾಗುವುದಕ್ಕೂ ಮುಂಚಿನಿಂದ ಕೆಲಸ ಮಾಡಿ ನಿವೃತ್ತರಾದವರು. ಬಟನ್ ಹೋದರೆ ರೀಬಟನ್, ಅದೂ ಹೋದರೆ ತೋಟದ ಗಾಡಿಗೆ, ಕೊನೆಗೆ ಮಕ್ಕಳ ಉಯ್ಯಾಲೆಗೆ ಎಂಬ ಕ್ರಮದಲ್ಲಿ ಟೈರಿನ ಆಯುಸ್ಸನ್ನು ಕಂಡವರು.

"ಜಾಸ್ತಿ ದುಡ್ಡು ಕೊಟ್ಟು ಬೇಗ ಸವೆಯೋದನ್ನ ತಗೋತೀಯಾ?"

"ಅದೇ ಒಳ್ಳೇದು ಅಪ್ಪಾ."

"ನಾವು ಜೀವಮಾನ ಪೂರ್ತಿ ಉಲ್ಟಾ ಕೆಲಸ ಮಾಡಿದ್ವಿ ಅನ್ನು."

ಮನೆಯೊಳಗಿನ ಪ್ರಶ್ನೆ ಇನ್ನೂ ನೇರ. "ರೀ, ಕಾರಲ್ಲೇ ನಾಲ್ಕು ಟೈರ್ ಇದೆಯಲ್ಲ, ಇನ್ನು ನಾಲ್ಕು ಯಾಕೆ?"

"ಅವು ಆಫೀಸಿಗೆ ಹೋಗೋಕೆ. ಇವು ಕೋನ್ ಸುತ್ತೋಕೆ. ಟೈಮ್ ಬರುತ್ತೆ."

"ಬರುತ್ತೋ ಹೋಗುತ್ತೋ?"

ಬೆಂಗಳೂರಿನಲ್ಲಿರುವ ಭಾವಮೈದುನನಿಗೆ ಟೈರ್ ಆರಿಸುವ ಈ ತಾಪತ್ರಯವಿಲ್ಲ. ಅವನೂ ಅವನ ಗೆಳೆಯರೂ ಟ್ರ್ಯಾಕ್ ಬೇಕೆಂದರೆ ಶ್ರೀಪೆರಂಬುದೂರು ಹತ್ತಿರದ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗುತ್ತಾರೆ. ಹೊರದೇಶದ ಟೈರ್ ಆಮದಿಗೆ 2020ರಲ್ಲಿ ಕೇಂದ್ರ ಸರ್ಕಾರ ನಿರ್ಬಂಧ ಹಾಕಿದ ಮೇಲೆ ಅವರ ಆಯ್ಕೆಯ ಪಟ್ಟಿ ಚಿಕ್ಕದಾಗಿ, ಚರ್ಚೆಯೂ ಬೇಗ ಮುಗಿಯುತ್ತದೆ.

ಕಡೆಗೆ ಎಂಜಿನಿಯರ್ ಹಳೆಯ ಪ್ರೈಮಸಿ ಟೈರಿನಲ್ಲೇ ಮೊದಲ ಆಟೋಕ್ರಾಸಿಗೆ ಹೋದ. ಆನ್‌ಲೈನ್ ಅಂಗಡಿಯ ಕಾರ್ಟಿಗೆ ಹಾಕಿದ್ದ 200ರ ಟೈರುಗಳು ಸ್ಟಾಕಿನಲ್ಲಿಲ್ಲ ಎಂಬುದು ಕಾರಣ, ವೈರಾಗ್ಯವಲ್ಲ. ತಪಾಸಣೆಯವರು ಟೈರಿನಲ್ಲಿ ತಂತಿ ಕಾಣುತ್ತಿದೆಯೇ, ವೀಲ್ ನಟ್ ಬಿಗಿಯಾಗಿವೆಯೇ ನೋಡಿ, ಒಳಗಿನ ಬಿಡಿ ಸಾಮಾನೆಲ್ಲ ತೆಗೆಯಲು ಹೇಳಿದರು. ನೀರಿನ ಬಾಟಲಿ, ಕಾಲೊರಸು, ಮಗಳ ಬಣ್ಣದ ಸೀಮೆಸುಣ್ಣದ ಡಬ್ಬಿ, ಡ್ಯಾಶ್‌ಬೋರ್ಡಿನ ಗಣಪತಿ, ಎಲ್ಲವೂ ಹೊರಬಂದು ಟಾರ್ಪಾಲಿನ ಮೇಲೆ ಕೂತವು. ಸೀಮೆಸುಣ್ಣ ಕೆಲಸಕ್ಕೆ ಬಂತು. ಪಕ್ಕದ ಕಾರಿನ ಮುದುಕರೊಬ್ಬರು ಅದನ್ನೆತ್ತಿಕೊಂಡು ಮುಂದಿನ ಟೈರುಗಳ ಬಟನ್ ಅಂಚಿನಿಂದ ಪಕ್ಕೆಯ ಮೇಲಕ್ಕೆ ಮೂರು ಕಡೆ ಗುಲಾಬಿ ಗೆರೆ ಎಳೆದುಕೊಟ್ಟರು. ಓಟ ಮುಗಿಸಿ ಬಂದಾಗ ಗೆರೆ ಎಲ್ಲಿಯವರೆಗೆ ಅಳಿಸಿದೆಯೋ ಟೈರ್ ಅಲ್ಲಿಯವರೆಗೆ ಮಗುಚಿಕೊಂಡಿದೆ ಎಂದರ್ಥ. ಅಂಚಿನಲ್ಲಿರುವ ಪುಟ್ಟ ತ್ರಿಕೋನದ ಗುರುತು ದಾಟಿ ಅಳಿಸಿದ್ದರೆ ಗಾಳಿ ಹೊಡೆಸಬೇಕು, ಅದರ ಹತ್ತಿರಕ್ಕೂ ಬಂದಿರದಿದ್ದರೆ ಸ್ವಲ್ಪ ಬಿಡಬೇಕು. ಸಾವಿರಾರು ಡಾಲರಿನ ಆಟದಲ್ಲಿ ಇದೊಂದು ಪುಕ್ಕಟೆ.

ಮೊದಲ ಓಟದಲ್ಲಿ ಟೈರುಗಳು ಶುರುವಿನಿಂದ ಕೊನೆಯವರೆಗೆ ಕಿರುಚಿದವು. ಗುಲಾಬಿ ಗೆರೆ ಪೂರ್ತಿ ಮಾಯ. "ನೋಡಿದಿರಾ, ಹಿಡಿತವೇ ಇಲ್ಲ" ಎಂದ. ಹೊಸಬರಿಗೆ ಕಲಿಸಲು ಬಂದಿದ್ದ ಇನ್‌ಸ್ಟ್ರಕ್ಟರ್ ಹೆಂಗಸು ಏನೂ ಹೇಳದೆ ತಾನೇ ಸ್ಟಿಯರಿಂಗ್ ಹಿಡಿದು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದಳು. ಅದೇ ಕಾರು, ಅದೇ ಟೈರು, ಅದೇ ಗಾಳಿ. ತಿರುವಿಗೆ ಬಹಳ ಮುಂಚೆಯೇ ಬ್ರೇಕ್, ಸ್ಟಿಯರಿಂಗ್ ಒಂದೇ ಸಲ ಒಂದಿಷ್ಟೇ ತಿರುವು, ಟೈರಿನಿಂದ ಸಣ್ಣಗೆ ಗುಂಯ್‌ಗುಟ್ಟುವ ಸದ್ದು. ನಿಧಾನಕ್ಕೇ ಹೋದ ಹಾಗಿತ್ತು; ಗಡಿಯಾರ ನಾಲ್ಕು ಸೆಕೆಂಡ್ ಕಡಿಮೆ ತೋರಿಸಿತು. ಯಾವ 200ರ ಟೈರೂ ಇವನಿಗೆ ಅಷ್ಟು ಕೊಡುತ್ತಿರಲಿಲ್ಲ.

"ಗುನುಗಿದರೆ ಸರಿಯಾಗಿದೆ, ಕಿರುಚಿದರೆ ಜಾಸ್ತಿ ಕೇಳ್ತಿದ್ದೀಯ ಅಂತ" ಎಂದಷ್ಟೇ ಅವಳ ಪಾಠ. ಅಂಟು ಟೈರುಗಳು ಹೀಗೆ ಮುಂಚಿತವಾಗಿ ಗದರಿಸುವುದು ಕಡಿಮೆ. ಕೊನೆಯವರೆಗೆ ಹಿಡಿದು ತಟ್ಟನೆ ಬಿಡುತ್ತವೆ. ಪಾರ್ಕಿಂಗ್ ಜಾಗದಲ್ಲಾದರೆ ಕೋನ್ ಹೋಗುತ್ತದೆ, ಟ್ರ್ಯಾಕಿನಲ್ಲಾದರೆ ಬಂಪರ್. ಅದಕ್ಕೇ ಹಳಬರು ಮೊದಲ ವರ್ಷ ಕಾರಿನ ಜೊತೆ ಬಂದದ್ದನ್ನೇ ಸವೆಸು ಎನ್ನುತ್ತಾರೆ. ಆಮೇಲೆ 300ರ ಬೇಸಿಗೆ ಟೈರ್: ಆಫೀಸಿಗೂ ಆಗುತ್ತದೆ, ಮಳೆಗೂ ಆಗುತ್ತದೆ, ಹೊಸಬನ ಟ್ರ್ಯಾಕ್ ವೇಗಕ್ಕೂ ತಡೆಯುತ್ತದೆ. 200 ಬೇಕೆನಿಸಿದಾಗ ಟ್ರ್ಯಾಕಿನ ಹುಚ್ಚಿದ್ದರೆ ಆರ್‌ಎಸ್4 ತರಹದ ತಾಳಿಕೆಯದ್ದು, ಕೋನ್ ಹುಚ್ಚಿದ್ದರೆ ಬೇಗ ಬಿಸಿಯಾಗುವುದು. ನೀರು ಹೆಪ್ಪುಗಟ್ಟುವಷ್ಟು ಚಳಿಯಾದರೆ ಎರಡನ್ನೂ ರಸ್ತೆಗಿಳಿಸದೆ ಬೆಚ್ಚಗೆ ಒಳಗಿಡಬೇಕು, ಇಲ್ಲದಿದ್ದರೆ ರಬ್ಬರ್ ಬಿರಿಯುತ್ತದೆ.

ಪ್ರೈಮಸಿ ಪೂರ್ತಿ ಸವೆದು 200ರ ಟೈರ್ ಬಂದ ವರ್ಷ ಮೈಸೂರಿನಿಂದ ಅಪ್ಪನೂ ಬಂದರು. ಟೋಪಿ ಹಾಕಿಕೊಂಡು ಸಾಲಾಗಿ ನಿಂತ ಕಾರುಗಳ ನಡುವೆ ಓಡಾಡಿ, ಬಗ್ಗಿ ಬಗ್ಗಿ ಟೈರುಗಳಿಗೆ ಹೆಬ್ಬೆರಳ ಉಗುರು ಒತ್ತಿ ನೋಡಿದರು. ಕರಗಿ ಉಂಡೆಯಾದ ರಬ್ಬರಿನ ಚೂರೊಂದನ್ನು ಕಿತ್ತು ಮೂಸಿದರು. ಆಮೇಲೆ ಮಗನನ್ನು ಕರೆದರು.

"ಎಷ್ಟು ಕಿಲೋಮೀಟರ್ ಬರುತ್ತೋ ಇದು?"

"ಕಿಲೋಮೀಟರ್ ಲೆಕ್ಕ ಇಲ್ಲ ಅಪ್ಪಾ. ಹೊಸತರ ಹಿಡಿತ ಒಂದು ನೂರು ಓಟ ಇರುತ್ತೆ."

"ಒಂದು ಓಟ ಎಷ್ಟು ದೂರ?"

"ಎಂಟುನೂರು ಮೀಟರ್ ಇಟ್ಕೊಳ್ಳಿ."

ಅಪ್ಪ ಬೆರಳೆಣಿಸಿದರು. "ಎಂಬತ್ತು ಕಿಲೋಮೀಟರ್. ಮೈಸೂರು ಬಿಟ್ರೆ ಮದ್ದೂರಲ್ಲಿ ವಡೆ ತಿನ್ನಬಹುದು. ಚನ್ನಪಟ್ಟಣಕ್ಕೆ ಹೊಸ ಟೈರು."