ಕಾರ್ಯಭಾರ ನಿವಾರಣೆಯಲ್ಲಿ ಅಭಾವ ಪದಾರ್ಥದ ವಿನಿಯೋಗ

ತಲೆಹೊರೆ ಹೊತ್ತು ನಡೆಯುವವನು ಪರರ ನೆರವಿಲ್ಲದೆ ಹೊರೆಯಿಳಿಸಿ ದಣಿವಾರಿಸಿಕೊಳ್ಳಲೆಂದು ನಮ್ಮ ಹಿರಿಯರು ದಾರಿಯ ಬದಿಯಲ್ಲಿ ಆಳೆತ್ತರದ ಕಲ್ಲುಗಳನ್ನು ನಿಲ್ಲಿಸಿದರು. ಆದರೆ ಮೇಜಿನ ಮೇಲೆ ಬೆಳೆಯುವ ಹೊರೆಗೆ ಅಂಥ ಯಾವ ಕಲ್ಲನ್ನೂ ನಿಲ್ಲಿಸದೆ ಹೋದುದರಿಂದ, ಕಡತಗಳ ನಡುವೆ ಬಳಲುತ್ತಿರುವ ಗುಮಾಸ್ತವರ್ಗದ ಹಿತಾರ್ಥವಾಗಿ ಈ ಅಲ್ಪ ಪ್ರಬಂಧವನ್ನು ರಚಿಸಬೇಕಾಗಿ ಬಂದಿತು. ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸವು ದೇವರ ಕೆಲಸವೆಂದು ಕೆತ್ತಿರುವುದನ್ನು ಎಲ್ಲರೂ ಬಲ್ಲರು. ಕೆತ್ತಿಸಿದವರ ಅಭಿಪ್ರಾಯವು ಎಷ್ಟೇ ಉದಾತ್ತವಾಗಿರಲಿ, 1956ರಲ್ಲಿ ಆ ಕಟ್ಟಡವು ಪೂರ್ಣಗೊಂಡಂದಿನಿಂದ ಒಂದು ಪಂಥದ ವ್ಯಾಖ್ಯಾನಕಾರರು, ದೇವರ ಕೆಲಸದಲ್ಲಿ ಮನುಷ್ಯನು ಕೈಹಾಕುವುದು ಅಪಚಾರವೆಂದೇ ಅದನ್ನು ಅರ್ಥೈಸಿಕೊಂಡು ಬಂದಿರುವರು.

ಪಾಶ್ಚಾತ್ಯರು ಈ ವಿಷಯಕ್ಕೆ ತಡವಾಗಿ ಬಂದರು. ನ್ಯೂಯಾರ್ಕಿನ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಮಹಾಶಯನು, ಉಚಿತ ಚಿಕಿತ್ಸಾಲಯದಲ್ಲಿ ದುಡಿಯುವವರ ಪೈಕಿ ಅತಿನಿಷ್ಠೆಯುಳ್ಳವರೇ ಉರಿದು ಬೂದಿಯಾಗುವುದನ್ನು ಕುರಿತು 1974ರಲ್ಲಿ ಬರೆದನು. ವಿಶ್ವ ಆರೋಗ್ಯ ಸಂಸ್ಥೆಯಾದರೋ 2019ರಲ್ಲಿ, ಇದು ದುಡಿಮೆಗೆ ಸಂಬಂಧಿಸಿದ ವಿದ್ಯಮಾನವೇ ಹೊರತು ರೋಗವಲ್ಲವೆಂದು ಸಾರಿತು. ಈ ಸೂಕ್ಷ್ಮವನ್ನು ನಮ್ಮ ಸಿಬ್ಬಂದಿ ಶಾಖೆಯವರು ಬಹು ಹಿಂದೆಯೇ ಅರಿತಿದ್ದರು. ರೋಗವಲ್ಲದ್ದಕ್ಕೆ ವೈದ್ಯಕೀಯ ರಜೆ ಇಲ್ಲವಷ್ಟೆ.

ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ತಡೆಯಬಾರದ ದೇಹವೇಗಗಳನ್ನು 13 ಎಂದು ಎಣಿಸಿ, ಆಕಳಿಕೆ, ನಿದ್ರೆ, ದಣಿದವನ ಏದುಸಿರು ಈ ಮೂರನ್ನೂ ಅವುಗಳೊಳಗೆ ಸೇರಿಸಿದೆ. ಆಕಳಿಕೆಯನ್ನು ತಡೆದವನಿಗೆ ಮೈ ಬಾಗುವುದು, ಸೆಳೆತ, ಮರಗಟ್ಟುವುದು, ನಡುಕ ಮುಂತಾದುವು ಫಲ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಮೇಲಧಿಕಾರಿಯ ಸಮ್ಮುಖದಲ್ಲಿ ಕುಳಿತವರನ್ನು ಪಕ್ಕದಿಂದ ನೋಡಿದವರೆಲ್ಲ ಈ ಲಕ್ಷಣಗಳನ್ನು ಕಂಡಿರುವರು. ಮೈ ಬಾಗಿದ್ದನ್ನು ವಿನಯವೆಂದೂ ನಡುಕವನ್ನು ಕರ್ತವ್ಯಶ್ರದ್ಧೆಯೆಂದೂ ಅಧಿಕಾರಿಗಳು ಭ್ರಮಿಸುವುದುಂಟು. ನಿದ್ರೆಯನ್ನು ತಡೆದವನಿಗೆ ವಿಧಿಸಿದ ಚಿಕಿತ್ಸೆ ನಿದ್ರೆ ಮತ್ತು ಮೈಯೊತ್ತಿಸಿಕೊಳ್ಳುವುದು. ಮೊದಲನೆಯದಕ್ಕೆ ಕಚೇರಿಯಲ್ಲಿ ಅವಕಾಶವಿಲ್ಲ. ಎರಡನೆಯದನ್ನು ಕೆಳಗಿನವರು ಮೇಲಿನವರಿಗೆ ಮಾಡತಕ್ಕದ್ದೆಂಬ ರೂಢಿಯಿದೆ.

ವೈದ್ಯವು ಬಂದ ಬಾಧೆಗೆ ಮದ್ದಾಯಿತು. ಬಾರದಂತೆ ಮಾಡುವ ವಿದ್ಯೆಯು ತರ್ಕದಲ್ಲಿದೆ. ಅನ್ನಂಭಟ್ಟನು ತರ್ಕಸಂಗ್ರಹದಲ್ಲಿ ಅಭಾವವನ್ನು ನಾಲ್ಕಾಗಿ ವಿಭಾಗಿಸಿದುದು ಗಡಿಗೆ ಬಟ್ಟೆಗಳ ಸಲುವಾಗಿ ಎಂದು ಪಂಡಿತರು ನಂಬಿರುವರು. ಅದು ಕಚೇರಿಯ ಕುರ್ಚಿಯನ್ನು ಕುರಿತದ್ದೆಂಬುದು ನಮ್ಮ ಸಿದ್ಧಾಂತ. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು: ಬೆಳಗಿನ ಹತ್ತೂವರೆಗೆ ಖಾಲಿಯಿರುವ ಕುರ್ಚಿಯು ಎಂದಿನಿಂದ ಖಾಲಿಯಿದೆಯೆಂದು ಯಾರೂ ಹೇಳಲಾರರು, ಆದರೂ ಒಂದಲ್ಲ ಒಂದು ಗಳಿಗೆಯಲ್ಲಿ ಗುಮಾಸ್ತನು ಬಂದು ಆ ಅಭಾವವನ್ನು ಕೊನೆಗಾಣಿಸುವನು. ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ: ಇದು ಕಾಫಿಗೆಂದು ಎದ್ದುಹೋದವನ ಕುರ್ಚಿ. (ಅದರ ಬೆನ್ನಿಗೆ ತೂಗುಹಾಕಿದ ಕೋಟನ್ನು ಕಂಡು, ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಒಡೆಯನೂ ಇಲ್ಲಿಯೇ ಇರುವನೆಂದು ಊಹಿಸುವುದು ಹೇತ್ವಾಭಾಸ, ಅನುಭವಸ್ಥರು ಇದಕ್ಕಾಗಿಯೇ ಎರಡು ಕೋಟು ಇಟ್ಟುಕೊಂಡಿರುವರು.) ಅತ್ಯಂತಾಭಾವವು ಮೂರು ಕಾಲಗಳಲ್ಲಿಯೂ ಇರತಕ್ಕದ್ದು, ಸಂಬಳ ಒಂದೆಡೆ, ನಿಯೋಜನೆ ಇನ್ನೊಂದೆಡೆ ಇರುವ ಪುಣ್ಯವಂತರಿಗೆ ಮಾತ್ರ ಲಭ್ಯ. ಇವೆಲ್ಲಕ್ಕೂ ಮಿಗಿಲಾದುದು ಅನ್ಯೋನ್ಯಾಭಾವ. ಗಡಿಗೆಯು ಬಟ್ಟೆಯಲ್ಲ, ಬಟ್ಟೆಯು ಗಡಿಗೆಯಲ್ಲ ಎಂಬ ನ್ಯಾಯದಿಂದ, 'ಈ ವಿಷಯವು ನಮ್ಮ ಶಾಖೆಗೆ ಸಂಬಂಧಿಸಿದ್ದಲ್ಲ' ಎಂದು ಷರಾ ಬರೆದು ಕಡತವನ್ನು ಪಕ್ಕದ ಶಾಖೆಗೆ ಕಳುಹಿಸುವುದೂ, ಅವರು ಅದೇ ನ್ಯಾಯದಿಂದ ಅದನ್ನು ಹಿಂದಿರುಗಿಸುವುದೂ ಇದರ ಪ್ರಯೋಗ. ಇದನ್ನು ಸಾಧಿಸಿದವನು ಕುರ್ಚಿಯಲ್ಲಿ ಕುಳಿತೇ ಇಲ್ಲದವನಾಗುವನು. ಬಯೋಮೆಟ್ರಿಕ್ ಯಂತ್ರವು ಮೊದಲ ಮೂರನ್ನು ಹಿಡಿದರೂ ಹಿಡಿದೀತು, ನಾಲ್ಕನೆಯದರ ಬಳಿ ಸುಳಿಯಲಾರದು.

ಇಲ್ಲೊಂದು ಆಕ್ಷೇಪವೇಳುವುದು. ಸರ್ವರೂ ಅಭಾವವನ್ನೇ ಆಶ್ರಯಿಸಿದರೆ ಕೆಲಸವು ಎಲ್ಲಿಗೆ ಹೋಗುವುದು? ಪ್ರತಿಯೋಗಿ, ಎಂದರೆ ಇಲ್ಲವೆನ್ನಿಸಿಕೊಳ್ಳುವ ವಸ್ತು, ಇಲ್ಲದೆ ಅಭಾವವಿಲ್ಲವೆಂಬುದು ತಾರ್ಕಿಕರ ಮತವಾದುದರಿಂದ, ಪ್ರತಿಯೊಂದು ಕಚೇರಿಯಲ್ಲಿಯೂ ಭಾವಪದಾರ್ಥವೊಂದು ಇದ್ದೇ ಇರುವುದೆಂಬುದು ಉತ್ತರ. ಅವನು ಹೊತ್ತಿಗೆ ಸರಿಯಾಗಿ ಬರುವನು, ಬಂದ ಕಡತವನ್ನು ಅಂದೇ ವಿಲೇವಾರಿ ಮಾಡುವನು, ಹಾಗೆ ಮಾಡಿದ ತಪ್ಪಿಗೆ ಮರುದಿನ ಮತ್ತೊಂದು ಕಟ್ಟನ್ನು ಪಡೆಯುವನು. ನೀರು ತಗ್ಗಿಗೆ ಹರಿಯುವಷ್ಟೇ ಸಹಜವಾಗಿ ಕೆಲಸವು ಮುಗಿಸುವವನೆಡೆಗೆ ಹರಿಯುವುದೆಂಬುದನ್ನು ಅಲ್ಲಗಳೆಯುವ ದೃಷ್ಟಾಂತವು ನಮಗೆ ಈವರೆಗೆ ದೊರೆತಿಲ್ಲ. ಫ್ರಾಯ್ಡೆನ್‌ಬರ್ಗರನು ಕಂಡವರು ಇವನ ದಾಯಾದಿಗಳೇ ಸರಿ.

ನಾವು ಬಲ್ಲ ಕಚೇರಿಯೊಂದರಲ್ಲಿ ಇಂಥ ಒಬ್ಬ ಪ್ರಥಮ ದರ್ಜೆ ಸಹಾಯಕನು ಕಣ್ಣು ಕತ್ತಲೆಗಟ್ಟುವಷ್ಟು ದಣಿದು, ಗಳಿಕೆ ರಜೆಗೆ ಅರ್ಜಿ ಬರೆದನು. ರಜೆಯ ವಿಷಯವನ್ನು ನೋಡಿಕೊಳ್ಳತಕ್ಕ ಗುಮಾಸ್ತನು ಆಗ ಪ್ರಧ್ವಂಸಾಭಾವದಲ್ಲಿದ್ದನು. ಆ ಮೇಜಿನ ಹೆಚ್ಚುವರಿ ಪ್ರಭಾರವಾದರೋ ಅರ್ಜಿದಾರನದೇ ಆಗಿತ್ತು. ಆದಕಾರಣ ಅವನು ತನ್ನ ಅರ್ಜಿಯನ್ನು ತಾನೇ ಸ್ವೀಕರಿಸಿ, ವಹಿಯಲ್ಲಿ ದಾಖಲಿಸಿ, ನಿಯಮಗಳನ್ನು ಪರಿಶೀಲಿಸಿ ಟಿಪ್ಪಣಿ ಬರೆದನು: 'ಅರ್ಜಿದಾರರ ಬಳಿ ಬಾಕಿ ಕಡತಗಳು ವಿಪರೀತವಾಗಿರುವುದರಿಂದಲೂ, ಅವರಿಗೆ ಬದಲಿ ನೌಕರರು ಇಲ್ಲದಿರುವುದರಿಂದಲೂ, ರಜೆ ಮಂಜೂರು ಮಾಡಲು ಅವಕಾಶವಿರುವುದಿಲ್ಲ. ಆದೇಶಕ್ಕಾಗಿ ಮಂಡಿಸಿದೆ.' ಮೇಲಧಿಕಾರಿಗಳು ಟಿಪ್ಪಣಿಯ ನಿಷ್ಪಕ್ಷಪಾತವನ್ನು ಬಹುವಾಗಿ ಮೆಚ್ಚಿ ಅದಕ್ಕೆ ಸಹಿ ಹಾಕಿದರು. ಟಪ್ಪಾಲು ಶಾಖೆಯ ಪ್ರಭಾರವನ್ನೂ ಅಂದೇ ಅವನಿಗೆ ವಹಿಸಿದರು.